ಮೂರು ಚುಕ್ಕಿಯ ಬ್ರಾಕೆಟ್

ಬೋಲ್ಟು ಬಿಗಿಯುವವನ ಕೈ ಮೋಸ ಹೋಗುವುದು ಬಹಳ ಸುಲಭ. ತೂತಿನೊಳಗಿನ ಸುರುಳಿ ಗೀರು, ಅಂದರೆ ಥ್ರೆಡ್ಡು, ಪೂರ್ತಿ ಸವೆದುಹೋಗಿದ್ದರೂ, ಏನಾದರೂ ತುರುಕಿ ಅಂಟು ಹಾಕಿ ಒಣಗಿಸಿದರೆ ಬೋಲ್ಟು ಗಟ್ಟಿಯಾಗಿ ಕುಳಿತಂತೆಯೇ ಅನ್ನಿಸುತ್ತದೆ. ಭಾರ ಬೀಳುವ ತನಕ ಗೊತ್ತಾಗುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರು ನನ್ನ ಮೇಸ್ತ್ರಿ. ಇಂಥ ಕೆಲಸ ಮಾಡುವವರನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಕೋಪ ಬರುತ್ತಿತ್ತು. "ಅಂಟು ಹಾಕೋನು ಫಿಟ್ಟರ್ ಅಲ್ಲ ಕಣೋ, ಪೋಸ್ಟರ್ ಮೆತ್ತೋನು" ಎಂದು ಬೈಯುತ್ತಿದ್ದರು. ಆ ಮಾತಿಗೆ ನಾನು ಎಷ್ಟು ಸಲ ನಕ್ಕಿದ್ದೇನೋ ಲೆಕ್ಕವಿಲ್ಲ.

ನಾನು ಯಾದಗಿರಿ ಕಡೆಯವನು. ಹೆಂಡತಿ ಮತ್ತು ಪುಟ್ಟ ಮಗಳ ಜೊತೆ ಕಗ್ಗದಾಸಪುರದ ಬಾಡಿಗೆ ಕೋಣೆಗೆ ಬಂದಾಗ ನನಗೆ ಮೂವತ್ತು ದಾಟಿತ್ತು. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಅಲ್ಲಿ ನೀರಿನ ಪಂಪು ಕೆಟ್ಟು, ರಿಪೇರಿಗೆ ಮೇಸ್ತ್ರಿ ಬಂದರು. ಸ್ಪ್ಯಾನರ್ ಹಿಡಿದುಕೋ ಎಂದು ನನ್ನ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. "ನಿನ್ ಕೈ ಅಲ್ಲಾಡಲ್ಲ ಕಣೋ. ಇಟ್ಟಿಗೆ ಹೊರೋಕೆ ಯಾಕೆ ವೇಸ್ಟ್ ಮಾಡ್ತೀಯ? ನನ್ ಜೊತೆ ಬಾ" ಎಂದರು. ಮಾರನೆಯ ದಿನದಿಂದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿದ್ದ ಅವರ ಅಂಗಡಿಗೆ ಹೋಗತೊಡಗಿದೆ.

ಮೇಸ್ತ್ರಿ ಹಲಸೂರಿನ ಹಳೆಯ ಮನೆತನದವರು. ಹಿರಿಯರು ಸೊಪ್ಪು ತರಕಾರಿ ಬೆಳೆಯುತ್ತಿದ್ದರಂತೆ, ಇವರು ಮಾತ್ರ ಕಬ್ಬಿಣ ಹಿಡಿದರು. ಆಗಲೇ ಅರವತ್ತು ಸಮೀಪಿಸಿತ್ತು. ಮಾತಿನಲ್ಲಿ ಒರಟು, ಊಟದ ಡಬ್ಬಿ ತೆರೆದರೆ ಮಾತ್ರ ಮೊದಲ ತುತ್ತು ನನಗೆ. ನನ್ನ ಮಗಳು ಅವರನ್ನು ತಾತ ಎಂದು ಕರೆಯುತ್ತಿದ್ದಳು. ಹಬ್ಬಕ್ಕೆ ನಾವು ಅವರ ಮನೆಗೆ ಹೋಗುತ್ತಿದ್ದೆವು, ಯಾಕೆಂದರೆ ಈ ಊರಿನಲ್ಲಿ ನಮಗೆ ಹೋಗಲು ಬೇರೆ ಮನೆ ಇರಲಿಲ್ಲ.

ಸವೆದ ತೂತನ್ನು ಸರಿಮಾಡುವುದನ್ನು ಅವರು ನನಗೆ ಆರು ತಿಂಗಳು ಕಲಿಸಿದರು. ಮೊದಲು ತೂತನ್ನು ದೊಡ್ಡದಾಗಿ ಕೊರೆಯಬೇಕು. ಟ್ಯಾಪ್ ಎಂಬ ಹಲ್ಲಿನ ಕಡ್ಡಿ ಇಳಿಸಿ ಹೊಸ ಥ್ರೆಡ್ಡು ಕೊಯ್ಯಬೇಕು. ಅದರೊಳಗೆ ಒಳಗೂ ಹೊರಗೂ ಥ್ರೆಡ್ಡಿರುವ ಹಿತ್ತಾಳೆಯ ಕೊಳವೆ, ಅಂದರೆ ಬುಷ್, ತಿರುಗಿಸಿ ಕೂರಿಸಿದರೆ, ಹಳೆಯ ಅಳತೆಯ ಬೋಲ್ಟೇ ಬುಷ್ಷಿನೊಳಗೆ ಕೂರುತ್ತದೆ. ಟ್ಯಾಪ್ ತಿರುಗಿಸುವಾಗ ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅವಸರ ಮಾಡಿದರೆ ಟ್ಯಾಪ್ ಒಳಗೇ ಮುರಿಯುತ್ತದೆ. ಕೈ ಸ್ವಲ್ಪ ವಾಲಿದರೂ ಮುರಿಯುತ್ತದೆ.

ಕೆಲಸ ಮುಗಿದ ಮೇಲೆ ತೂತಿನ ಪಕ್ಕದಲ್ಲಿ ಪಂಚು ಇಟ್ಟು ಚುಕ್ಕಿ ಹೊಡೆಯುವುದು ಅವರ ಪದ್ಧತಿ. ಅವರದು ಮೂರು ಚುಕ್ಕಿ, ನನ್ನದು ಒಂದು. ಯಾವ ಕೆಲಸ ಯಾರದೆಂದು ಮುಂದೆ ಗೊತ್ತಾಗಬೇಕಲ್ಲ. ಇನ್ನೊಂದು ಪದ್ಧತಿಯೂ ಇತ್ತು. ಜೀವದ ಭಾರ ಹೊರುವ ಸಾಮಾನಾದರೆ ಅವರು ಮಾಡಿದ್ದರ ಮೇಲೆ ಮೊದಲು ನಾನು ಕೂರಬೇಕು, ನಾನು ಮಾಡಿದ್ದರ ಮೇಲೆ ಅವರು. ಏಣಿಯಾದರೂ ಅಷ್ಟೇ, ಜೋಕಾಲಿಯಾದರೂ ಅಷ್ಟೇ. ಕೂರುವ ಮುಂಚೆ ಅವರು ನನ್ನ ಬೋಲ್ಟುಗಳಿಗೆಲ್ಲ ಸ್ಪ್ಯಾನರ್ ಇಟ್ಟು ನೋಡುತ್ತಿದ್ದರು. ಅವರ ಬೋಲ್ಟಿಗೆ ನಾನು ಒಂದು ದಿನವೂ ಸ್ಪ್ಯಾನರ್ ಇಟ್ಟವನಲ್ಲ. ಮೂರು ಚುಕ್ಕಿ ಕಂಡರೆ ಸಾಕು, ಹೋಗಿ ಕುಳಿತುಬಿಡುತ್ತಿದ್ದೆ. ಗುರುವಿನ ಕೆಲಸ ಪರೀಕ್ಷೆ ಮಾಡುವುದೆಂದರೆ ಅವರ ಮುಖಕ್ಕೆ ಉಗಿದ ಹಾಗೆ ಎಂದು ನನ್ನ ತಿಳುವಳಿಕೆ.

ಎರಡು ವರ್ಷದ ಹಿಂದೆ ಕೆ.ಆರ್. ಪುರದ ಆಚೆಯ ಒಂದು ಕೆರೆಯಿಂದ ಕೆಲಸ ಬಂತು. ಗುತ್ತಿಗೆದಾರನೊಬ್ಬ ಅಲ್ಲಿ ಆರು ದೋಣಿ ಇಟ್ಟುಕೊಂಡು ಭಾನುವಾರ ಬರುವ ಜನರನ್ನು ಸುತ್ತಾಡಿಸುತ್ತಿದ್ದ. ಪ್ರತಿ ದೋಣಿಯ ಎರಡೂ ಅಂಚಿನಲ್ಲಿ ಹುಟ್ಟು ಸಿಕ್ಕಿಸುವ ಅಲ್ಯೂಮಿನಿಯಂ ಬ್ರಾಕೆಟ್. ಸಿಕ್ಕಸಿಕ್ಕ ಬೋಲ್ಟು ತುರುಕಿ ಬಿಗಿದೂ ಬಿಗಿದೂ ತೂತುಗಳೆಲ್ಲ ನುಣ್ಣಗಾಗಿದ್ದವು. ಬ್ರಾಕೆಟ್ಟುಗಳನ್ನು ಬಿಚ್ಚಿ ಆಟೋದಲ್ಲಿ ಅಂಗಡಿಗೆ ತಂದೆವು. ಮೂರು ದೋಣಿಯವು ಮೇಸ್ತ್ರಿಗೆ, ಮೂರು ದೋಣಿಯವು ನನಗೆ.

ಆ ವಾರ ಮೇಸ್ತ್ರಿ ನನಗಿಂತ ಮೊದಲೇ ಅಂಗಡಿಗೆ ಬರುತ್ತಿದ್ದರು. ನಾನು ಹೋಗುವಷ್ಟರಲ್ಲಿ ಅವರ ಬ್ರಾಕೆಟ್ಟುಗಳ ಮೇಲೆ ಬಟ್ಟೆ ಮುಚ್ಚಿರುತ್ತಿತ್ತು. "ಬೆಳಿಗ್ಗೆನೇ ಮುಗಿಸ್ಬಿಟ್ಟೆ, ನಿನ್ ಥರ ಸೋಮಾರಿನಾ?" ಎಂದು ಕಿಚಾಯಿಸುತ್ತಿದ್ದರು. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಚಳಿಗೆ ಇರಬೇಕು ಎಂದುಕೊಂಡೆ. ಅವರ ಎಣ್ಣೆ ಡಬ್ಬಿ ಖಾಲಿಯಾಗುತ್ತಲೇ ಇರಲಿಲ್ಲ. ಎಲ್ಲವನ್ನೂ ಕಣ್ಣಾರೆ ಕಂಡೆ, ಒಂದನ್ನೂ ತಲೆಗೆ ಹಾಕಿಕೊಳ್ಳಲಿಲ್ಲ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಶುಕ್ರವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಅವರವರ ಬ್ರಾಕೆಟ್ಟುಗಳನ್ನು ಅವರವರೇ ಕೂರಿಸಿದೆವು. ಶಾಲೆಗೆ ರಜೆ ಇದ್ದದ್ದರಿಂದ ಎಂಟು ವರ್ಷದ ಮಗಳೂ ಹಟ ಹಿಡಿದು ಬಂದಿದ್ದಳು. ನನ್ನ ಚುಕ್ಕಿಯ ದೋಣಿಗೆ ಮೇಸ್ತ್ರಿ ಹತ್ತಿದರು. ನಾನು ಮಗಳ ಕೈ ಹಿಡಿದು ಮೂರು ಚುಕ್ಕಿಯ ದೋಣಿಯ ಕಡೆ ನಡೆದೆ. ಅವಳು ಒಂದು ಕಾಲು ಎತ್ತಿಟ್ಟಿದ್ದಳು.

"ಪುಟ್ಟೀ, ಅಲ್ಲಿ ಬೇಡ. ಬಾ, ನನ್ ದೋಣಿಗೆ ಬಾ" ಎಂದರು ಮೇಸ್ತ್ರಿ.

ಅವಳು ಖುಷಿಯಿಂದ ಓಡಿದಳು. ನನಗೂ ಮನಸ್ಸು ತುಂಬಿಬಂತು. ನಮ್ಮಪ್ಪ ಇದ್ದಿದ್ದರೆ ಮೊಮ್ಮಗಳನ್ನು ಹೀಗೇ ಕರೆಯುತ್ತಿದ್ದನೇನೋ ಎಂದುಕೊಂಡು ಒಬ್ಬನೇ ದೋಣಿ ಹತ್ತಿದೆ. "ಮೆಲ್ಲಗೆ ಎಳಿ, ಜೋರ್ ಮಾಡ್ಬೇಡ" ಎಂದು ಅವರು ಎರಡು ಸಲ ಕೂಗಿದರು.

ದಡದಿಂದ ಸ್ವಲ್ಪ ದೂರ ಹೋಗಿದ್ದೆವು. ಮಗಳು "ಅಪ್ಪಾ, ರೇಸು!" ಎಂದು ಕೂಗಿದಳು. ನಾನು ಕಾಲು ಗಟ್ಟಿಯಾಗಿ ಊರಿ, ಬೆನ್ನು ಬಾಗಿಸಿ ಹುಟ್ಟು ಎಳೆದೆ. ಟಕ್ ಎಂದು ಸದ್ದಾಯಿತು. ಎಡಗಡೆಯ ಬ್ರಾಕೆಟ್ ಎದ್ದುಬಂತು, ಹುಟ್ಟು ಜಾರಿತು, ನಾನು ತಲೆ ಕೆಳಗಾಗಿ ನೀರಿಗೆ ಬಿದ್ದೆ. ನಮ್ಮದು ಬಯಲುಸೀಮೆ, ನನಗೆ ಈಜು ಬಾರದು. ಕಾಲಿನ ಕೆಳಗೆ ಕೆಸರು, ಊರಿದಷ್ಟೂ ಇಳಿಯುತ್ತಿತ್ತು. ಬಾಯಿಗೆ ಮೂಗಿಗೆ ನೀರು ನುಗ್ಗಿತು. ಮಗಳು ಕಿರುಚುವುದು ಒಮ್ಮೆ ಕೇಳುತ್ತಿತ್ತು, ಒಮ್ಮೆ ನಿಂತುಹೋಗುತ್ತಿತ್ತು. ಸತ್ತೆ ಎಂದೇ ತಿಳಿದೆ.

ಮೇಸ್ತ್ರಿ ದೋಣಿ ತಿರುಗಿಸಿ ಬಂದು ನನ್ನ ಅಂಗಿಯ ಕಾಲರ್ ಹಿಡಿದರು. ಗುತ್ತಿಗೆದಾರನ ಆಳು ಹಗ್ಗ ಎಸೆದ. ದಡದಲ್ಲಿ ಮಲಗಿಸಿ ಬೆನ್ನು ತಟ್ಟುವಾಗ ಮೇಸ್ತ್ರಿಯ ಕೈ ಗಡಗಡ ನಡುಗುತ್ತಿತ್ತು. ನನಗಾಗಿ ಇಷ್ಟು ಹೆದರಿದರಲ್ಲ ಎಂದು ನಾನು ಅತ್ತೆ, ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಮಗಳು ಅವರ ಸೊಂಟ ತಬ್ಬಿಕೊಂಡು ಬಿಡಲೇ ಇಲ್ಲ.

ಬ್ರಾಕೆಟ್ ಒಂದು ಬೋಲ್ಟಿನಲ್ಲಿ ನೇತಾಡುತ್ತಿತ್ತು. ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಲು ಹೋದೆ. "ಕೊಡು ಇಲ್ಲಿ, ನಾನ್ ನೋಡ್ತೀನಿ" ಎಂದು ಮೇಸ್ತ್ರಿ ಕೈ ಚಾಚಿದರು. "ನೀವು ಸುಸ್ತಾಗಿದ್ದೀರಿ ಮೇಸ್ತ್ರಿ, ಮನೆಗೆ ಹೋಗಿ. ಇದೊಂದು ನಾನೇ ಮಾಡ್ತೀನಿ" ಎಂದೆ. ಅವರು ಚೀಲವನ್ನೇ ನೋಡುತ್ತ ನಿಂತರು.

ಸಂಜೆ ಕೋಣೆಯಲ್ಲಿ ಹೆಂಡತಿ ನನ್ನ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ನಾನು ಬ್ರಾಕೆಟ್ ತೊಡೆಯ ಮೇಲಿಟ್ಟುಕೊಂಡು ಟಾರ್ಚ್ ಬಿಟ್ಟೆ. ಒಳಗೆ ಹಿತ್ತಾಳೆ ಕಾಣಲಿಲ್ಲ. ಮೊಳೆ ಹಾಕಿ ಕೆದಕಿದೆ. ಸುಣ್ಣದ ಹಾಗೆ ಒಣಗಿದ ಅಂಟು ಉದುರಿತು. ಅದರ ಜೊತೆ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುರುಳಿ ಸುರುಳಿಯಾಗಿ ಹೊರಗೆ ಬಂತು. ಬೋಲ್ಟಿಗೆ ಗ್ರೀಸ್ ಸವರಿ ಒತ್ತಿ ತೆಗೆದು, ಅಂಟಿನಲ್ಲೇ ಸುಳ್ಳು ಥ್ರೆಡ್ಡು ಮೂಡಿಸಿದ್ದರು. ಪಕ್ಕದಲ್ಲಿ ಮೂರು ಚುಕ್ಕಿ.

"ಯಾಕ್ರಿ, ಏನಾತು?" ಎಂದಳು ಹೆಂಡತಿ. ಅಂಟು ಹಾಕಿದ್ದಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ ಆಗ ಹೊಳೆದು ಚುಚ್ಚಿತು. ಪುಟ್ಟಿಗೆ 'ಅಲ್ಲಿ ಬೇಡ' ಎಂದಿದ್ದರಲ್ಲ.

ಶನಿವಾರ ಅಂಗಡಿಗೆ ಹೋಗಿ ಬ್ರಾಕೆಟ್ಟನ್ನು ಅವರ ಮುಂದೆ ಇಟ್ಟೆ. ನೋಡಿದವರೇ ಸ್ಟೂಲಿನ ಮೇಲೆ ಕುಳಿತರು.

"ಕೈ ನಡುಗುತ್ತೆ ಕಣೋ" ಎಂದರು. "ನಾಲ್ಕು ತಿಂಗಳಾಯ್ತು. ಈ ದೋಣಿ ಕೆಲ್ಸದಲ್ಲಿ ಮೊದಲನೇ ತೂತಲ್ಲೇ ಟ್ಯಾಪ್ ಮುರಿದ್ಬಿಡ್ತು."

"ನಂಗೊಂದ್ ಮಾತು ಹೇಳ್ಬಾರ್ದಿತ್ತಾ? ಎಲ್ಲಾ ನಾನೇ ಮಾಡಿ, ನಿಮ್ ಮೂರು ಚುಕ್ಕಿನೂ ಹೊಡೆದು ಕೊಡ್ತಿದ್ದೆ. ಯಾರಿಗ್ ಗೊತ್ತಾಗ್ತಿತ್ತು?"

"ನಿನಗ್ ಗೊತ್ತಾಗ್ತಿತ್ತಲ್ಲ" ಎಂದರು. "ಕಲಿಸ್ದೋನು ನಾನು. ನಿನ್ ಮುಂದೆ ನಾಚ್ಕೆ ಆಯ್ತು."

ನನಗೆ ರೇಗಿತು. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಬಿಟ್ಟುಹೋಗಿ ಒಂದೇ ಉಳಿಯಿತು. "ಮೇಸ್ತ್ರಿ, ಪುಟ್ಟಿನ ಯಾಕೆ ನಿಮ್ ದೋಣಿಗೆ ಕರೆದ್ರಿ?"

"ಮಗು ಅಲ್ವೇನೋ."

"ಮತ್ತೆ ನಾನು?"

"ನೀನು ಗಟ್ಟಿಮುಟ್ಟಾಗಿದ್ದೀಯ, ಏನೂ ಆಗಲ್ಲ ಅನ್ಕೊಂಡೆ. ಮೆಲ್ಲಗೆ ಎಳಿ ಅಂತ ಹೇಳಿದ್ನಲ್ಲ."

ಬ್ರಾಕೆಟ್ ಎತ್ತಿಕೊಂಡು ಹೊರಗೆ ಬಂದೆ. ನೇರ ಕೆರೆಗೆ ಹೋದೆ. ಮಾರನೆಯ ದಿನ ಭಾನುವಾರ, ಮಕ್ಕಳು ಮರಿ ಕೂರುವ ದೋಣಿಗಳು. ಅವರ ಉಳಿದ ಐದು ಬ್ರಾಕೆಟ್ಟಿಗೂ ಸ್ಪ್ಯಾನರ್ ಇಟ್ಟೆ. ಐದರಲ್ಲೂ ಅಂಟು. ಒಂದರಲ್ಲಿ ಮುರಿದ ಟ್ಯಾಪ್ ಒಳಗೇ ಉಳಿದಿತ್ತು. ಹಳೇ ಸಾಮಾನು, ಲೋಹ ಸವೆದಿದೆ, ಈ ಮೂರು ದೋಣಿ ನೀರಿಗೆ ಇಳಿಸಬೇಡಿ ಎಂದು ಗುತ್ತಿಗೆದಾರನಿಗೆ ಹೇಳಿ, ಮುಂದಿನ ವಾರ ಒಬ್ಬನೇ ಕುಳಿತು ಎಲ್ಲದಕ್ಕೂ ಬುಷ್ ಹಾಕಿದೆ. ಅಲ್ಲೂ ಅವರ ಮಾನ ಕಾಪಾಡಿದೆ. ಯಾಕೆ ಕಾಪಾಡಿದೆನೋ ಎಂದು ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಈಗ ಕೆ.ಆರ್. ಪುರದಲ್ಲಿ ಬೇರೆಯವರ ಅಂಗಡಿಯಲ್ಲಿ ಒಂದು ಮೂಲೆ ಹಿಡಿದಿದ್ದೇನೆ. ಮೇಸ್ತ್ರಿ ಅಂಗಡಿ ಮುಚ್ಚಿದರು ಎಂದು ಕೇಳಿದೆ, ನೋಡಲು ಹೋಗಿಲ್ಲ. ಕೈ ನಡುಗಿದ್ದನ್ನು ನಾನು ಎಂದೋ ಕ್ಷಮಿಸಿದ್ದೇನೆ. ವಯಸ್ಸಾದರೆ ನನ್ನದೂ ನಡುಗೀತು. ಆದರೆ ಅವತ್ತು ದಡದ ಮೇಲೆ ಅವರಿಗೆ ಎಲ್ಲ ಗೊತ್ತಿತ್ತು. ನಾನು ಸರಿಮಾಡಿದ ದೋಣಿಯಲ್ಲಿ ನೆಮ್ಮದಿಯಾಗಿ ಕುಳಿತು, ಯಾರನ್ನು ಕರೆದುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಆರಿಸಿದರು. ಅದನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.

ಮಗಳಿಗೆ ನಾನು ಏನೂ ಹೇಳಿಲ್ಲ. ಅವಳ ಲೆಕ್ಕದಲ್ಲಿ ತಾತ ಅಪ್ಪನನ್ನು ಉಳಿಸಿದವರು. ಅದೂ ಸುಳ್ಳಲ್ಲವಲ್ಲ. ಈಚೆಗೆ ಒಂದು ಸಂಜೆ ಅವಳ ಸೈಕಲ್ಲಿನ ಸೀಟು ಬಿಗಿಯುತ್ತಿದ್ದೆ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೋಡುತ್ತಿದ್ದಳು.

"ಅಪ್ಪಾ, ತಾತಗ ನಾನಂದ್ರ ಭಾಳ ಇಷ್ಟ ಅಲ್ಲಾ? ಅವತ್ತ ನನ್ನಷ್ಟಽ ಕರದ್ರು."

ಸ್ಪ್ಯಾನರ್ ನಿಲ್ಲಿಸಿದೆ.

"ಹೌದವ್ವಾ" ಎಂದೆ. "ನಿನ್ನಷ್ಟಽ ಕರದ್ರು."