ಯಂತ್ರದ ಕಾಲು ತೊಳೆದ ಚನ್ನಮಲ್ಲಮ್ಮ

ಚನ್ನಮಲ್ಲಮ್ಮನವರನ್ನು ನಾನು ಮೊದಲು ಕಂಡ ದಿನ ಅವರು ನನ್ನನ್ನು ಗದರಿಸಿದರು. ಹತ್ತೊಂಬತ್ತು ವರ್ಷಗಳ ಹಿಂದಿನ ಮಾತು. ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಇರುವ ಅವರ ಊರಿನ ಪ್ರೌಢಶಾಲೆಗೆ ನಾನು ಆಗಷ್ಟೇ ವರ್ಗವಾಗಿ ಬಂದಿದ್ದೆ. ಅವರ ಮಗಳು ರಮ್ಯ ಒಂದು ವಾರದಿಂದ ತರಗತಿಗೆ ಬಂದಿರಲಿಲ್ಲ. ವಿಚಾರಿಸೋಣವೆಂದು ಮನೆಗೆ ಹೋದೆ. ಹಿತ್ತಲಿನ ಹುಳುಮನೆಯ ಬಾಗಿಲು ತೆರೆದಿತ್ತು. ಒಳಗಿನಿಂದ ಸಣ್ಣ ಮಳೆ ಬೀಳುತ್ತಿರುವಂಥ ಸದ್ದು. ರೇಷ್ಮೆಹುಳುಗಳು ಸೊಪ್ಪು ತಿನ್ನುವಾಗ ಹಾಗೆ ಕೇಳುತ್ತದೆಂದು ಆಗ ನನಗೆ ತಿಳಿಯದು. ಹೊಸ್ತಿಲಿನತ್ತ ಒಂದು ಹೆಜ್ಜೆ ಇಟ್ಟೆ.

“ನಿಂತ್ಕಳಿ ಅಲ್ಲೇ! ಯಾರ್ರೀ ಅದು, ಬೀದಿ ಕಾಲಲ್ಲಿ ಒಳಕ್ ನುಗ್ಗೋರು?”

ನಾನು ಬೆಚ್ಚಿ, “ರಮ್ಯಳ ಮೇಷ್ಟ್ರು, ಅಮ್ಮ” ಎಂದೆ.

“ಮೇಷ್ಟ್ರಾದ್ರೇನು, ಮಂತ್ರಿ ಆದ್ರೇನು ಸಾ? ಈಗ ತಾನೆ ಹುಳ ನಾಕ್ನೇ ಜ್ವರ ಎದ್ದವೆ. ಕಾಲ್ ತೊಳ್ಕಂಡು ಬನ್ನಿ.”

ಬಾಗಿಲ ಬಳಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತೊಟ್ಟಿಯಿತ್ತು. ಮೂವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ನಾನು ಪಂಚೆ ಮೇಲೆತ್ತಿಕೊಂಡು ವಿಧೇಯ ವಿದ್ಯಾರ್ಥಿಯಂತೆ ಅದರಲ್ಲಿ ನಿಂತೆ. ಹುಳು ಪೊರೆ ಬಿಡುವುದನ್ನು ಜ್ವರವೆನ್ನುತ್ತಾರೆ, ನಾಲ್ಕು ಜ್ವರ ಮುಗಿಸಿದ ಹುಳು ಏಳೆಂಟು ದಿನ ಮೇದು ಗೂಡು ಕಟ್ಟುತ್ತದೆ ಎಂಬುದನ್ನು ಅಂದು ಅವರಿಂದಲೇ ಕಲಿತೆ. ಹುಳುವಿಗೆ ಸೊಪ್ಪು ಕೊಯ್ಯಲೆಂದು ಮನೆಯಲ್ಲಿ ಉಳಿದಿದ್ದ ರಮ್ಯ ಮಾರನೆಯ ದಿನವೇ ಶಾಲೆಗೆ ಬಂದಳು.

ಆ ತೊಟ್ಟಿಯ ನೀರು ಒಂದು ದಿನವೂ ಬತ್ತಿದ್ದನ್ನು ನಾನು ಕಾಣೆ. ಮೂವತ್ತೊಂದು ವರ್ಷಗಳಲ್ಲಿ ಅವರ ಮನೆಯಲ್ಲಿ ಒಂದು ಬೆಳೆಯೂ ಕೆಟ್ಟಿರಲಿಲ್ಲ. ಊರಿನಲ್ಲಿ ಹೊಸದಾಗಿ ಹುಳು ಸಾಕುವವರು ಮೊದಲ ಸೊಪ್ಪನ್ನು ಅವರ ಕೈಯಿಂದಲೇ ಹಾಕಿಸುತ್ತಿದ್ದರು. ಅವರ ಬಾಳಿನ ಹೆಮ್ಮೆಯೆಲ್ಲ ಅದೊಂದೇ.

ನಾನು ನಿವೃತ್ತನಾಗಿ ಕೊಳ್ಳೇಗಾಲದಲ್ಲಿ ನೆಲೆಸಿದ ಮೇಲೆ, ಹೋದ ವರ್ಷದ ಆಷಾಢದಲ್ಲಿ, ಒಂದು ಬೆಳಗ್ಗೆ ಬಾಗಿಲು ತೆರೆದರೆ ಚನ್ನಮಲ್ಲಮ್ಮ ನಿಂತಿದ್ದರು. ಕಂಕುಳಲ್ಲಿ ಆಳುದ್ದದ ಹಸಿ ಕಡ್ಡಿಗಳ ಹೊರೆ.

“ಇದೇನಮ್ಮ, ಇದನ್ನು ಬಸ್ಸಿನಲ್ಲಿ ತಂದಿರಾ?”

“ಊಂ ಸಾ. ಕಂಡಕ್ಟರು ಇದ್ಕೂ ಟಿಕೆಟ್ ತಕಳಿ ಅಂದ. ಬನ್ನಿ, ಮಿಷಿನ್ ಅಂಗಡಿಗೆ ಓಗಾನ. ಇಂಗ್ಲೀಷಲ್ಲಿ ಬರ್ದಿರೋದ ನೀವು ಓದಿ ಯೋಳಿ.”

ಸಂಗತಿ ಇಷ್ಟು. ಹುಳು ಎಲೆ ತಿಂದ ಮೇಲೆ ಹಿಪ್ಪುನೇರಳೆಯ ಕಡ್ಡಿ ರಾಶಿ ರಾಶಿ ಉಳಿಯುತ್ತದೆ. ಹಿಂದೆ ಅದು ಒಲೆಗೆ ಹೋಗುತ್ತಿತ್ತು; ಈಗ ಗ್ಯಾಸು ಬಂದಿದೆ. ಸುಟ್ಟರೆ ಹೊಗೆ ಹುಳುಮನೆಗೆ ನುಗ್ಗುತ್ತದೆ, ಬಿಟ್ಟರೆ ರಾಶಿಯಲ್ಲಿ ಹಾವು ಸೇರುತ್ತದೆ. ಪುಡಿಮಾಡಿ ಗುಂಡಿಗೆ ಹಾಕಿದರೆ ಗೊಬ್ಬರ, ಸಾಲುಗಳ ನಡುವೆ ಹರಡಿದರೆ ತೇವ ಆರದ ಹೊದಿಕೆ. ಅದಕ್ಕೊಂದು ಯಂತ್ರ ಬೇಕಾಗಿತ್ತು.

ಅಂಗಡಿಯ ಗುರುಪ್ರಕಾಶ್ ಹಸಿರು ಬಣ್ಣದ ಪುಟ್ಟ ಯಂತ್ರವೊಂದಕ್ಕೆ ಒಣಗಿದ ಬೇವಿನ ರೆಂಬೆ ಹಾಕಿ ತೋರಿಸಿದ. ಪುಡಿ ಚೆಲ್ಲಿತು.

“ನೋಡಿ ಅಕ್ಕ, ಬೆಣ್ಣೆ ಕುಯ್ದಂಗೆ!”

“ನಮ್ಮನೇಲಿ ಬೆಣ್ಣೆ ಬೆಳೆಯಲ್ಲ ಕಣಪ್ಪ. ಇದ್ನ ಹಾಕು” ಎಂದು ಹೊರೆ ಬಿಚ್ಚಿದರು.

ನಾಲ್ಕನೆಯ ಕಡ್ಡಿಗೆ ಯಂತ್ರ ನರಳಿತು, ಆರನೆಯದಕ್ಕೆ ನಿಂತಿತು. ಬಿಚ್ಚಿ ನೋಡಿದರೆ ಹಿಪ್ಪುನೇರಳೆಯ ನಾರು ಬ್ಲೇಡಿಗೆ ಹಗ್ಗದಂತೆ ಸುತ್ತಿಕೊಂಡಿತ್ತು. ಪೆಟ್ರೋಲಿನ ಇನ್ನೊಂದು ಯಂತ್ರ ಚೆನ್ನಾಗಿಯೇ ಕತ್ತರಿಸಿತು. ಆದರೆ ಚನ್ನಮಲ್ಲಮ್ಮ ಪುಡಿಯನ್ನು ಮೂಸಿ, “ಈ ವಾಸ್ನೆ ಸೋಕಿದ್ರೆ ನನ್ ಹುಳ ಸೊಪ್ಪು ಮುಟ್ಟಲ್ಲ” ಎಂದು ಕೈ ಝಾಡಿಸಿದರು. ಮೂರನೆಯದು ಮೂರು ಎಚ್.ಪಿ. ಮೋಟಾರಿನದು, ಬ್ಲೇಡಿನ ಜೊತೆಗೆ ಸುತ್ತಿಗೆಗಳೂ ಇದ್ದದ್ದು. ಅದು ಅಂಗಡಿಯಲ್ಲಿರಲಿಲ್ಲ, ತೋರಿಸಲೆಂದು ಊರೂರು ಸುತ್ತುತ್ತಿತ್ತು. ಮನೆಗೇ ತರುವೆನೆಂದು ಗುರುಪ್ರಕಾಶ್ ಮಾತು ಕೊಟ್ಟ.

ತಂದದ್ದು ಕಾರ್ತಿಕದಲ್ಲಿ. ತಮಿಳುನಾಡಿನ ಕಡೆಯ ಜಡಿಮಳೆ ಮೂರು ದಿನ ಸುರಿದು ಅಂದು ಬಿಟ್ಟಿತ್ತು; ಚಳಿ ಬಿಟ್ಟಿರಲಿಲ್ಲ. ಅಂದು ನನ್ನನ್ನೂ ಕರೆಸಿದ್ದರು. ಹುಳು ನಾಲ್ಕನೆಯ ಜ್ವರ ಎದ್ದು ಎರಡು ದಿನವಾಗಿತ್ತು.

“ಹುಳ ಗೂಡು ಕಟ್ಲಿ, ಆಮೇಲ್ ನೋಡಾನ” ಎಂದರು ಅವರ ಯಜಮಾನರಾದ ಷಡಕ್ಷರಿ.

“ನಾಳೆ ಗುಂಡ್ಲುಪೇಟೆಗೆ ಓಯ್ತದೆ ಅಣ್ಣ. ಮತ್ತೆ ಒಂದು ತಿಂಗಳು ಸಿಕ್ಕಲ್ಲ” ಎಂದ ಗುರುಪ್ರಕಾಶ್.

ಚನ್ನಮಲ್ಲಮ್ಮ ನನ್ನ ಮುಖ ನೋಡಿದರು. “ಬಂದಿದೆಯಲ್ಲ, ನೋಡಿಯೇಬಿಡಿ” ಎಂದೆ. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಅವರು ಗುರುಪ್ರಕಾಶನ ಕಾಲು ತೊಳೆಸಿದರು, ನನ್ನ ಕಾಲು ತೊಳೆಸಿದರು. ಬಳಿಕ ಎರಡು ಬಿಂದಿಗೆ ಬ್ಲೀಚಿಂಗ್ ನೀರು ತಂದು ಯಂತ್ರದ ಚಕ್ರಗಳಿಗೂ ಸುರಿದರು.

“ಮಿಷಿನ್ನೂ ಗರ್ಭಗುಡಿಗೆ ಓಯ್ತದಾ ಅಕ್ಕ?” ಎಂದು ಆತ ನಕ್ಕ.

“ನಮ್ ಅಂಗ್ಳ ಗರ್ಭಗುಡಿನೇಯ. ಉಜ್ಜು ಚೆನ್ನಾಗಿ.”

ಹುಳುಮನೆಯಿಂದ ಹತ್ತು ಮಾರು ದೂರದಲ್ಲಿ ಯಂತ್ರ ಹೂಡಿದರು. ಒಂದು ಹೊರೆ ಕಡ್ಡಿ ಕ್ಷಣಮಾತ್ರದಲ್ಲಿ ಒಳಗೆ ಹೋಗಿ ಮೆದುವಾದ ಪುಡಿಯಾಗಿ ಚಿಮ್ಮಿತು. ನಾರು ಸುತ್ತಲಿಲ್ಲ. ಗಾಳಿ ಹುಳುಮನೆಯ ಕಿಟಕಿಗಳ ಕಡೆಗೆ ಬೀಸುತ್ತಿತ್ತು. ಸಣ್ಣ ದೂಳು ಅತ್ತಲೇ ತೇಲಿತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. “ಇದೇ ಸೈ ಸಾ! ಇದೇ ನಮಗೆ!” ಎಂದು ಚನ್ನಮಲ್ಲಮ್ಮ ಮಗುವಿನಂತೆ ಪುಡಿಯನ್ನು ಎರಡೂ ಕೈಗಳಲ್ಲಿ ಬಾಚಿ ಬಾಚಿ ಎತ್ತಿಕೊಂಡರು.

ನಾನೂ ಬಗ್ಗಿ ಒಂದು ಹಿಡಿ ತೆಗೆದುಕೊಂಡೆ. ಪುಡಿಯ ನಡುವೆ ಬೆರಳುದ್ದದ ಬಿಳಿಯ ತುಂಡೊಂದು ಸಿಕ್ಕಿತು. ಅಂಥದ್ದನ್ನು ಮೂವತ್ತೈದು ವರ್ಷ ಹಿಡಿದ ಕೈ ನನ್ನದು.

“ನೋಡಿ, ಇಲ್ಲಿಯೂ ಸೀಮೆಸುಣ್ಣ ನನ್ನನ್ನು ಬಿಡಲಿಲ್ಲ” ಎಂದು ನಗುತ್ತ ಅವರಿಗೆ ತೋರಿಸಿದೆ.

ಚನ್ನಮಲ್ಲಮ್ಮ ನನ್ನ ಕೈಯನ್ನು ಫಟ್ಟನೆ ಹೊಡೆದು ತುಂಡನ್ನು ಕೆಳಗೆ ಕೆಡವಿದರು. “ನಿಲ್ಸು! ನಿಲ್ಸೋ ಅದ್ನ!” ಎಂಬ ಕೂಗು ಯಂತ್ರದ ಸದ್ದನ್ನೂ ಮೀರಿತ್ತು.

ಅದು ಸೀಮೆಸುಣ್ಣವಲ್ಲ, ಸತ್ತು ಬೆಳ್ಳಗೆ ಸೆಟೆದಿದ್ದ ಹುಳು. ಸುಣ್ಣಕಟ್ಟು ಎಂಬ ರೋಗದ್ದು. ಅದರ ಪುಡಿ ಗಾಳಿಯಲ್ಲಿ ಹಾರಿದರೆ ಸಾಕು, ಚಳಿಗಾಲದಲ್ಲಿ ಹುಳುಮನೆಗೆ ಹುಳುಮನೆಯೇ ಹೋಗುತ್ತದೆ. ಹಿಂದಿನ ದಿನ ಯಂತ್ರ ಹನೂರು ಕಡೆಯ ಒಂದು ಮನೆಯ ಕಡ್ಡಿ ಕತ್ತರಿಸಿತ್ತು. ಅಂಥ ಹುಳುಗಳೆಷ್ಟು ಅದರ ಹೊಟ್ಟೆಯಲ್ಲಿ ಪುಡಿಯಾಗಿದ್ದವೋ, ಬಾಯಿಯ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಇದೊಂದು ಈಗ ಯಂತ್ರದ ಅದುರಿಗೆ ಉದುರಿತ್ತು.

“ಕಾಲ್ ತೊಳ್ದೆ ಸಾ,” ಎಂದರು ಚನ್ನಮಲ್ಲಮ್ಮ, ನೆಲಕ್ಕೆ ಕುಕ್ಕರಿಸಿ. “ಮೂವತ್ತೊಂದು ವರ್ಸ ಕಾಲ್ ತೊಳ್ಸಿ ತೊಳ್ಸಿ, ಇದ್ಕೂ ಕಾಲೇ ತೊಳ್ದೆ. ಬಾಯಿ ತೊಳೀನಿಲ್ಲ.”

ಕಿಟಕಿ ಮುಚ್ಚಿದರು. ಹುಳುಗಳ ಮೇಲೆ ಔಷಧಿಯ ಪುಡಿ ಉದುರಿಸಿದರು, ಹಾಸು ಬದಲಿಸಿದರು. ಐದನೆಯ ದಿನ ನಾನು ಹೋದಾಗ ಹುಳುಮನೆಯಲ್ಲಿ ಆ ಮಳೆಯ ಸದ್ದು ಇರಲಿಲ್ಲ. ಮೂರರಲ್ಲಿ ಒಂದು ಪಾಲು ಸತ್ತಿತ್ತು. ಉಳಿದವು ತಲೆ ಎತ್ತಿ ಸುಮ್ಮನೆ ಬಿದ್ದಿದ್ದವು. ಷಡಕ್ಷರಿ ಹಿತ್ತಲಲ್ಲಿ ಆಳವಾದ ಗುಂಡಿ ತೋಡುತ್ತಿದ್ದರು. ಸತ್ತ ಹುಳುಗಳಿಗೆಂದು ತಿಳಿದೆ.

“ಎಲ್ಲಾವ್ನೂವೆ ಸಾ,” ಎಂದರು ಚನ್ನಮಲ್ಲಮ್ಮ. “ಬದ್ಕಿರವ್ನ ಮಡೀಕಂಡ್ರೆ ಬೀದಿ ಬೀದಿಗೇ ಅಂಟ್ತದ.”

ಬದುಕಿರುವ ಹುಳುಗಳನ್ನು ಅವರು ಕಣ್ಣೆತ್ತದೆ ತಟ್ಟೆ ತಟ್ಟೆಯಾಗಿ ಸುರಿದರು. ಮೇಲೆ ಸುಣ್ಣ. ಗುಂಡಿ ಮುಚ್ಚಿ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಮನೆಮನೆಗೆ ಹೊರಟರು. ಯಾರ ಹೊಸ್ತಿಲನ್ನೂ ತುಳಿಯದೆ ಬೀದಿಯಲ್ಲೇ ನಿಂತು ಕೂಗಿ ಹೇಳಿದರು: “ನಮ್ಮನೇಲಿ ಸುಣ್ಣಕಟ್ಟು ಬಂದದ. ಕಿಟ್ಕಿ ಮುಚ್ಕಳಿ, ನಮ್ ಕಡೆ ಬರ್ಬ್ಯಾಡಿ.” ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೇರೆ ಯಾರ ಮನೆಗೂ ಅದು ಹಬ್ಬಲಿಲ್ಲ.

ಸಂಜೆ ಗುರುಪ್ರಕಾಶ್ ಬಂದ. ಯಾರೂ ಹೇಳದೆಯೇ ತೊಟ್ಟಿಯಲ್ಲಿ ನಿಂತ. “ಹನೂರು ಕಡೆ ಆ ಮನೆಯೋರು ಯೋಳ್ನೇ ಇಲ್ಲ ಅಕ್ಕ.”

“ನಾನೂ ಕೇಳ್ನಿಲ್ವಲ್ಲಪ್ಪ,” ಎಂದರು. ಕಡ್ಡಿಯ ರಾಶಿಯತ್ತ ತಿರುಗಿ, “ಆ ಮಿಷಿನ್ ಬಾಯಿ ಪೂರ್ತಿ ಬಿಚ್ಚಕ್ ಆಯ್ತದಾ?” ಎಂದು ಕೇಳಿದರು.

“ನಾಕ್ ಬೋಲ್ಟು ಅಕ್ಕ.”

“ಅಂಗಾದ್ರೆ ಅದ್ನೇ ಕೊಡು.”

ನಾನು ಬೆಪ್ಪಾಗಿ ನೋಡಿದೆ. ಮನೆ ಮುಳುಗಿಸಿದ ಯಂತ್ರವನ್ನೇ! ಆದರೆ ಕಡ್ಡಿಯ ರಾಶಿ ಅಲ್ಲಿಯೇ ಇತ್ತು, ಮತ್ತು ಆ ಕಡ್ಡಿಯನ್ನು ಕತ್ತರಿಸಬಲ್ಲ ಯಂತ್ರ ಅದೊಂದೇ.

ಎರಡು ತಿಂಗಳು ಹುಳುಮನೆಯನ್ನು ಖಾಲಿ ಬಿಟ್ಟು ಮತ್ತೆ ಸಾಕಿದರು. ಈಗ ನಾಲ್ಕು ಬೆಳೆ ಆಗಿವೆ. ಊರಿನ ಹನ್ನೊಂದು ಮನೆಗಳ ಕಡ್ಡಿಯೂ ಅದೇ ಯಂತ್ರದಲ್ಲಿ ಪುಡಿಯಾಗುತ್ತದೆ. ಯಂತ್ರ ಎಲ್ಲಿಗೆ ಹೋದರೂ ಚನ್ನಮಲ್ಲಮ್ಮ ಜೊತೆಗೆ ಹೋಗುತ್ತಾರೆ. ಆ ಮನೆಯ ಹುಳು ಗೂಡು ಕಟ್ಟಿ ಮುಗಿದಿರಲೇಬೇಕು; “ಗೂಡು ಕಟ್ದೆ ಉಳಿದ ಹುಳ ಎಲ್ಲಿ ಅವೆ? ತೋರ್ಸಿ” ಎಂದು ತಾವೇ ರಾಶಿಯಲ್ಲಿ ಕೈಯಾಡಿಸಿ ನೋಡಿದ ಮೇಲೆಯೇ ಮೋಟಾರು ಹಾಕಲು ಬಿಡುತ್ತಾರೆ.

ಕಳೆದ ಸೋಮವಾರ ಹೋಗಿದ್ದೆ. ಅಂಗಳದ ಬಿಸಿಲಿನಲ್ಲಿ ಯಂತ್ರದ ಬಾಯಿ ಕಳಚಿ ಮಲಗಿಸಿದ್ದರು. ಪ್ಲಗ್ಗನ್ನು ಕಿತ್ತು ಮಡಿಲಿಗೆ ಹಾಕಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬ್ಲೀಚಿಂಗ್ ನೀರಿಗೆ ಅದ್ದಿ ಸಂದುಸಂದುಗಳನ್ನು ಉಜ್ಜುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

“ಕಾಲ್ ತೊಳ್ಕಂಡ್ರಾ ಸಾ? ಜೇಬಲ್ಲಿ ಸೀಮೆಸುಣ್ಣ ಇದ್ರೆ ಅಲ್ಲೇ ಮಡಗ್ಬುಟ್ಟು ಬನ್ನಿ. ನೋಡಿದ್ರೆ ಎದೆ ಝಲ್ಲಂತದ.”