ಹಸಿರು ದೀಪವನ್ನು ನಂಬದ ಮೇಡಂ

ಬೆಳಗಿನ ಆರು ಗಂಟೆ. ಚಪ್ಪಲಿ, ಬೂಟುಗಳ ದೊಡ್ಡ ಅಂಗಡಿಯ ಶಟರ್ ಇನ್ನೂ ಅರ್ಧವೇ ಮೇಲೆದ್ದಿದೆ. ಅದರಡಿ ಬಗ್ಗಿ ಒಳಗೆ ಬಂದ ಹೆಂಗಸು ಟಾರ್ಚ್ ಹಿಡಿದು ಸೀದಾ ನೆಲಕ್ಕೆ ಕೂರುತ್ತಾರೆ. ಬಿಲ್ಲಿಂಗ್ ಕೌಂಟರಿನ ಕೆಳಗೆ ತಲೆ ತೂರಿಸಿ ಒಂದೊಂದೇ ಪ್ಲಗ್ ಒತ್ತಿ ನೋಡುತ್ತಾರೆ. ನಿನ್ನೆ ಸಂಜೆಯೂ ಒತ್ತಿದ್ದರು. ಆದರೆ ನಿನ್ನೆ ಸಂಜೆಯ ಮಾತು ನಿನ್ನೆ ಸಂಜೆಗೇ ಮುಗಿಯಿತು.

"ಹಸಿರು ದೀಪ ಉರೀತಿದೆ ಅಂದ್ರೆ ದೀಪ ಚೆನ್ನಾಗಿದೆ ಅಂತ, ಅಷ್ಟೇ," ಎನ್ನುತ್ತಾರೆ ಮೇಜಿನ ಕೆಳಗಿನಿಂದಲೇ. "ಒಳಗೇನು ನಡೀತಿದೆ ಅಂತ ಆ ದೀಪಕ್ಕೇನು ಗೊತ್ತು?"

ಅಂಗಡಿಯಲ್ಲಿ ಇವರನ್ನು ಕರೆಯುವುದೇ 'ಅನುಮಾನದ ಮೇಡಂ' ಎಂದು. ಎದುರಿಗೆ ಬರೀ 'ಮೇಡಂ', ಬೆನ್ನ ಹಿಂದೆ ಪೂರ್ತಿ ಹೆಸರು. ಅದೂ ಅವರಿಗೆ ಗೊತ್ತು, ಬಿಡಿ. ಹದಿನಾಲ್ಕು ಕೌಂಟರಿನಲ್ಲೂ ಒಂದೊಂದು ಜೊತೆ ಕಾಲುಚೀಲಕ್ಕೆ ಸುಳ್ಳು ಬಿಲ್ ಹೊಡೆದು, ಹದಿನಾಲ್ಕು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹರಿದು ಹಾಕಿದ ಮೇಲೆಯೇ ಅವರ ಬಾಯಿಗೆ ಚಹಾ.

ಇಪ್ಪತ್ತೆರಡನೇ ವಯಸ್ಸಿಗೆ ಇದೇ ಅಂಗಡಿಯ ಕ್ಯಾಷ್ ಕೌಂಟರಿಗೆ ಸೇರಿದವರು. ಮೊದಲ ಕಂಪ್ಯೂಟರ್ ಬಂದಾಗ ಉಳಿದವರು ಮುಟ್ಟಲು ಹೆದರಿದರೆ, ಇವರು ಅದರ ಜೊತೆ ಬಂದ ಪುಸ್ತಕವನ್ನು ಮನೆಗೆ ಒಯ್ದು ಅಡುಗೆಮನೆಯಲ್ಲಿ ಕೂತು ಓದಿದರು. ಈಗ ಐವತ್ತೊಂದು. ಹನ್ನೊಂದು ವರ್ಷದಿಂದ ಈ ಅಂಗಡಿ ಮತ್ತು ಮೂರು ಶಾಖೆಗಳ ಕಂಪ್ಯೂಟರುಗಳೆಲ್ಲ ಇವರ ತಲೆ ಮೇಲೆ. ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಹಳೇ ಗೋದಾಮು. ಎಲ್ಲ ಕೌಂಟರುಗಳನ್ನೂ ನಡೆಸುವ ಸರ್ವರ್ ಅಲ್ಲಿಗೆ ಬಂದು ಎಷ್ಟೋ ವರ್ಷವಾದರೂ ರಬ್ಬರ್ ವಾಸನೆ ಜಾಗ ಬಿಟ್ಟಿಲ್ಲ.

ಮಾಮೂಲಿ ದಿನ ಆರುನೂರು ಬಿಲ್. ವರ್ಷದ ಕೊನೆಯ ರಜೆಯ ಹತ್ತು ದಿನ ಮಾತ್ರ ದಿನಕ್ಕೆ ಮೂರು ಸಾವಿರ. ಆ ಹತ್ತು ದಿನಕ್ಕೆ ಇವರ ತಯಾರಿ ಐದು ವಾರ ಮೊದಲೇ ಶುರು. ಎಲ್ಲ ಲೆಕ್ಕ, ದಾಸ್ತಾನಿನ ನಕಲು ತೆಗೆಯಬೇಕು; ಆ ನಕಲನ್ನು ಬೇರೆ ಯಂತ್ರದಲ್ಲಿ ತೆರೆದೂ ನೋಡಬೇಕು. "ಕಾಪಿ ಆಯ್ತು ಅಂತ ಮಿಷನ್ ಹೇಳುತ್ತೆ. ಹೇಳಲಿ. ಕಣ್ಣಾರೆ ನೋಡೋವರೆಗೂ ನಾನು ನಂಬಲ್ಲ."

ಬಸ್ ಡ್ರೈವರ್ ಆಗಿರುವ ಗಂಡ ನಗುತ್ತಾರೆ. "ನಾನು ಹತ್ತು ನಿಮಿಷ ತಡವಾಗಿ ಬಂದ್ರೂ ಟ್ರಿಪ್ ಶೀಟ್ ತೋರಿಸಿ ಅಂತಾಳೆ, ಪುಣ್ಯಾತ್ಗಿತ್ತಿ!"

ಈ ಸಲದ ತಯಾರಿಯಲ್ಲಿ ಮಾತ್ರ ನಗುವಂಥದ್ದೇನೂ ಇರಲಿಲ್ಲ. ಹೊಸ ಸರ್ವರ್ ಬಂದ ಮೊದಲ ಶನಿವಾರ, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ, ಹದಿನಾಲ್ಕು ಕೌಂಟರುಗಳೂ ಒಟ್ಟಿಗೆ ನಿಂತವು. ಐದು ನಿಮಿಷದ ಮೇಲೆ ತಾವಾಗಿಯೇ ಎದ್ದವು. ಮುಂದಿನ ಶನಿವಾರ ಅದೇ ಹೊತ್ತಿಗೆ ಅದೇ ಕಥೆ. ಯಜಮಾನರು ಕರೆದು ಒಂದೇ ಮಾತು ಹೇಳಿದರು: "ಇನ್ನೊಂದು ಸಲ ಹೀಗಾದ್ರೆ ಎಲ್ಲಾನೂ ಹೊರಗಿನ ಕಂಪನಿಗೆ ಕೊಟ್ಟುಬಿಡ್ತೀನಿ, ಬೇಜಾರು ಮಾಡ್ಕೋಬೇಡಿ."

ಹೊರಗಿನ ಕಂಪನಿಯವನು ಎರಡು ಸಲ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದು ಹೋಗಿದ್ದ. ಅನುಮಾನದ ಪಟ್ಟಿಯಲ್ಲಿ ಮೊದಲು ಬಿದ್ದವನು ಅವನೇ. ಆಮೇಲೆ ಎಲೆಕ್ಟ್ರಿಷಿಯನ್. ಆಮೇಲೆ, ಶನಿವಾರ ಅದೇ ಹೊತ್ತಿಗೆ ಮೆಟ್ಟಿಲ ಹತ್ತಿರ ಕಸ ಎಳೆಯುವ ಯಂತ್ರ ಓಡಿಸುವ ಕ್ಲೀನಿಂಗ್ ಅಕ್ಕ. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇರುವವರು. ಅವರನ್ನು ಎಲ್ಲರ ಎದುರಿಗೇ ನಿಲ್ಲಿಸಿ ಮೇಡಂ ಕೇಳಿದರು: "ಸರ್ವರ್ ಪ್ಲಗ್ ಕಿತ್ತು ನಿಮ್ಮ ಮಿಷನ್ ಹಾಕಿದ್ರಾ?" ಅಕ್ಕ ಇಲ್ಲವೆಂದರು. ಮೇಡಂ ನಂಬಲಿಲ್ಲ. ಮಾರನೇ ದಿನದಿಂದ ಇಬ್ಬರ ನಡುವೆ ಮಾತಿಲ್ಲ.

ಮೂರನೇ ಶನಿವಾರ ಮೇಡಂ ಒಳಗಿಂದ ಚಿಲಕ ಹಾಕಿಕೊಂಡು ಸರ್ವರ್ ಎದುರು ಕಣ್ಣು ಮಿಟುಕಿಸದೆ ಕೂತರು. ಪ್ಲಗ್ಗಿನ ಮೇಲೆ ಅವರದೇ ಕೈ. ಹನ್ನೊಂದು ನಲವತ್ತು ಆಯಿತು. ಯಾರೂ ಮುಟ್ಟಲಿಲ್ಲ, ಯಂತ್ರ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಂಡಿತು. ಹುಡುಕಿ ನೋಡಿದರೆ ಒಳಗೊಂದು ಸಾಲು: ಪ್ರತಿ ಶನಿವಾರ ಆರಿಸಿ ಹೊತ್ತಿಸು. ರಾತ್ರಿ ಹನ್ನೊಂದು ನಲವತ್ತಕ್ಕೆಂದು ಹಳೇ ಸರ್ವರಿಗೆ ಬರೆದಿದ್ದು, ಹೊಸದಕ್ಕೆ ಹಾಕುವಾಗ ಬೆಳಿಗ್ಗೆ ಹನ್ನೊಂದು ನಲವತ್ತಾಗಿದೆ. ಬರೆದವರ ಹೆಸರು? ಇವರದೇ.

"ಆ ಸಾಲು ಅಳಿಸಿಬಿಟ್ಟಿದ್ರೆ ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಒಂದು ಗಳಿಗೆ ಕೈ ಅಲ್ಲಿಗೇ ಹೋಗಿತ್ತು."

ಕೈ ಹಿಂದೆ ಬಂತು. ಮೊದಲು ಹೋಗಿದ್ದು ಕ್ಲೀನಿಂಗ್ ಅಕ್ಕನ ಹತ್ತಿರ. ತಪ್ಪು ನಂದು ಅಕ್ಕ, ಎಂದರು. ಅಕ್ಕ ಒರೆಸುವ ಬಟ್ಟೆ ಹಿಂಡುತ್ತಲೇ ಇದ್ದರು. "ಕೇಳಿದ್ದು ಎಲ್ಲರ ಮುಂದೆ. ಇದನ್ನೂ ಎಲ್ಲರ ಮುಂದೇನೇ ಹೇಳಿ."

ಎಲ್ಲರ ಮುಂದೆ ಎಂದರೆ ಯಜಮಾನರ ಮುಂದೆಯೂ. ಸಂಜೆ ಅಂಗಡಿ ಮುಚ್ಚುವ ಮೊದಲು ಮೇಡಂ ಹೇಳಿಯೇಬಿಟ್ಟರು. ಯಜಮಾನರು "ರಜೆ ಮುಗೀಲಿ, ನೋಡೋಣ," ಎಂದು ಎದ್ದುಹೋದರು. ಆ 'ನೋಡೋಣ' ಇನ್ನೂ ಹಾಗೇ ನೇತಾಡುತ್ತಿದೆ. ಅದಾದ ಮೇಲೆ ಎರಡು ಶನಿವಾರ ಕಳೆದಿವೆ. ಕೌಂಟರ್ ನಿಂತಿಲ್ಲ.

ನಾಳೆಯಿಂದ ರಜೆಯ ನೂಕುನುಗ್ಗಲು. ಇವತ್ತು ಕೊನೆಯ ಪರೀಕ್ಷೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಈಗ ಎರಡು ಕುರ್ಚಿಗಳಿವೆ. ಎರಡನೆಯದರಲ್ಲಿ ಕ್ಲೀನಿಂಗ್ ಅಕ್ಕ, ಮೂಗಿನ ಮೇಲೆ ಕನ್ನಡಕ, ತೊಡೆ ಮೇಲೆ ನೋಟ್‌ಬುಕ್. ಯಂತ್ರದಲ್ಲಿ ಏನೇ ಬದಲಿಸಿದರೂ ಅವರ ಸಹಿ ಬೀಳಬೇಕು. ಇದು ಮೇಡಂ ತಾವೇ ಮಾಡಿಕೊಂಡ ಹೊಸ ನಿಯಮ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅನುಮಾನದ ಪಟ್ಟಿ. ಮೊದಲ ಹೆಸರು ಮೇಡಂ ಅವರದೇ.

"ಏನು ಒತ್ತಿದ್ರಿ ಈಗ?" ಅಕ್ಕ ಗದರುತ್ತಾರೆ. "ಬೆಳಿಗ್ಗೆನೋ ರಾತ್ರಿನೋ? ಜೋರಾಗಿ ಓದಿ."

"ರಾತ್ರಿ, ಅಕ್ಕ."

"ನೀವು ಹೇಳಿದ್ರೆ ಆಗ್ಲಿಲ್ಲ. ತೋರಿಸಿ."

ಮೇಡಂ ಪರದೆಯನ್ನು ಅವರ ಕಡೆ ತಿರುಗಿಸುತ್ತಾರೆ. ಅಕ್ಕ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, ಸಹಿ ಹಾಕುತ್ತಾರೆ.

"ಇಷ್ಟು ವರ್ಷ ಎಲ್ಲರನ್ನೂ ನಾನೊಬ್ಬಳೇ ಕಾಯ್ತಿದ್ದೆ," ಎನ್ನುತ್ತಾರೆ ಮೇಡಂ, ಟಾರ್ಚ್ ಆರಿಸುತ್ತಾ. "ಈಗ ನನ್ನನ್ನ ಕಾಯೋರು ಒಬ್ಬರಿದ್ದಾರೆ. ಕೆಲಸ ಇರುತ್ತೋ ಹೋಗುತ್ತೋ ಗೊತ್ತಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬರ್ತಿದೆ."