ತಾಳಿಗೆ ತಾಮ್ರ

ಸಾಗರದ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಒಂದು ವಾರ ಕೇಂದ್ರದ ಪರ, ಇನ್ನೊಂದು ವಾರ ರಾಜ್ಯದ ಪರ. ಎರಡಕ್ಕೂ ಚಪ್ಪಾಳೆ ಬೀಳುತ್ತಿತ್ತು. ವಾದ ಅಂದರೆ ಅಷ್ಟೇ ತಾನೆ?

ರಿಪ್ಪನ್‌ಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು ಅಕ್ಕಸಾಲಿ. ಊರಿಗೆಲ್ಲ ಆಚಾರ್ರು. ಚೀನಾ ಯುದ್ಧ ಮುಗಿದ ಹೊಸತರಲ್ಲಿ ದೆಹಲಿಯಿಂದ ಕಾನೂನು ಬಂತು: ಹದಿನಾಲ್ಕು ಕ್ಯಾರೆಟ್ಟಿಗಿಂತ ಚೊಕ್ಕ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದು. ಅಂದರೆ ಅರ್ಧಕ್ಕೆ ಸ್ವಲ್ಪ ಕಡಿಮೆ ಬೆರಕೆ. ತಾಳಿಯ ಚಿನ್ನವನ್ನು ವೀಳ್ಯದೆಲೆಯ ಮೇಲಿಟ್ಟು ಕೊಡುತ್ತಿದ್ದ, ಆಚಾರ್ರು ಮಿಂದು ಬಂದೇ ಅದನ್ನು ಮುಟ್ಟುತ್ತಿದ್ದ ಊರು ನಮ್ಮದು.

ಮದುವೆ ಗೊತ್ತಾದ ಹುಡುಗಿಯ ಅಪ್ಪ ಬಂದು, "ಕಾನೂನಿನ ಪ್ರಕಾರವೇ ಮಾಡಿಕೊಡಿ ಆಚಾರ್ರೇ" ಅಂದ.

"ತಾಳಿಗೆ ತಾಮ್ರ ಹಾಕೂದಾ? ಅದರ ಬದ್ಲು ತಂಬಿಗೆ ಕಟ್ಟಿ ಮಾರಾಯ್ರೇ."

ಅವನನ್ನು ಕಳಿಸಿ, ಬೆಂಗಳೂರಿಗೆ ಅರ್ಜಿ ಬರೆದುಕೊಡು ಅಂತ ನನ್ನನ್ನು ಕೂಗಿದರು. ಅದು ಕೇಂದ್ರದ ಕಾನೂನು, ಬೆಂಗಳೂರಿಗೆ ಬರೆದು ಪ್ರಯೋಜನವಿಲ್ಲ ಅಂದೆ.

"ಬೆಂಗಳೂರಲ್ಲಿರೂದು ಸರ್ಕಾರ ಅಲ್ದಾ ಹಂಗಾರೆ?"

"ಸರ್ಕಾರವೇ. ಚಿನ್ನ ಅವರ ಕೈಯಲ್ಲಿಲ್ಲ."

"ಸರಿ, ಚಿನ್ನ ದಿಲ್ಲಿದು. ಹೊಟ್ಟೆ ಯಾರದ್ದು?"

"ಹೊಟ್ಟೆ ರಾಜ್ಯದ್ದು."

ಆಚಾರ್ರು ನಕ್ಕರು. ಒಳಗಿಂದ ಅವರ ಹೆಂಡತಿ, "ಅಕ್ಕಿ ಡಬ್ಬಕ್ಕೆ ಹೇಳಿ ಅದನ್ನ" ಅಂದರು.

ನಾನು ತಮಾಷೆಗೆ ಅಂದದ್ದನ್ನೇ ಹೊಸನಗರಕ್ಕೆ ಬಂದ ಮಂತ್ರಿಯೊಬ್ಬರು ಮುಖ ಗಂಟಿಕ್ಕಿಕೊಂಡು ಅಂದರು: ಕಾನೂನು ಕೇಂದ್ರದ್ದು, ನಾವೇನೂ ಮಾಡುವ ಹಾಗಿಲ್ಲ, ಬೇರೆ ಕೆಲಸ ಕೊಡುವುದು ನಮ್ಮ ಹೊಣೆ. ಕೊಟ್ಟರು. ಶರಾವತಿಯ ನೀರು ಏರಿ ಹಳೆಯ ದಾರಿಗಳು ಮುಳುಗುವುದಿತ್ತಲ್ಲ, ಹೊಸ ರಸ್ತೆಗೆ ಜಲ್ಲಿ ಒಡೆಯುವ ಕೆಲಸ. ಆಚಾರ್ರೂ ಹೋದರು. ಒಂದು ಸರ್ಕಾರ ಕುಲುಮೆ ಆರಿಸಿತು, ಇನ್ನೊಂದು ಸುತ್ತಿಗೆ ಕೊಟ್ಟಿತು. ಅಧಿಕಾರ ಹಂಚಿಕೆ ಅಂದರೆ ಇದೇ ಆದರೆ, ಹಂಚಿಹೋದದ್ದು ಯಾರು?

ಮೂರ್ನಾಲ್ಕು ವರ್ಷಕ್ಕೆ ದೆಹಲಿ ಕಾನೂನು ಸಡಿಲಿಸಿತು. ಹಳೆಯ ಹಾಗೆ ಚೊಕ್ಕ ಚಿನ್ನದಲ್ಲೇ ಮಾಡಬಹುದು. ಸುದ್ದಿ ಓದಿ ಹೇಳಿದವನು ನಾನೇ. ವಾರದೊಳಗೆ ಒಬ್ಬರು ವೀಳ್ಯದ ಮೇಲೆ ಚಿನ್ನ ತಂದರು. ಆಚಾರ್ರು ಮಿಂದು ಬಂದು ಕೂತರು. ಚಿನ್ನ ಕರಗಿತು. ಆದರೆ ತಂತಿ ಎಳೆದು ಕೊಂಡಿ ಬಾಗಿಸುವಾಗ ಚಿಮಟ ಬೆರಳಿಗೆ ನಿಲ್ಲಲೊಲ್ಲದು. ಮತ್ತೆ ಹಿಡಿದರು, ಮತ್ತೆ ಜಾರಿತು. ಗೆಣ್ಣುಗಳು ದಪ್ಪಗಾಗಿ ಬೆರಳು ಪೂರ್ತಿ ಮಡಚುತ್ತಲೇ ಇರಲಿಲ್ಲ.

"ತೀರ್ಥಳ್ಳಿಗೆ ತಗಂಡ್ ಹೋಗಿ. ಅಲ್ಲಿ ಯಾರಾದ್ರೂ ಉಳಿದಿರಬೌದು" ಅಂತ ಚಿನ್ನವನ್ನು ವೀಳ್ಯದ ಮೇಲೇ ಇಟ್ಟು ತಿರುಗಿ ಕೊಟ್ಟರು.

ಮಾರನೆ ಬೆಳಿಗ್ಗೆ ಜಲ್ಲಿಗೆ ಹೋದರು.